ಪಾದವೇದನೆಯೂ ವ್ಯಾಯಾಮದ ಬೂಟಿನ ಆಯ್ಕೆಯೂ

ಮನುಷ್ಯನು ತನ್ನ ಅವಯವಗಳಲ್ಲಿ ಪಾದವನ್ನು ಕಡೆಗಣಿಸುವಷ್ಟು ಬೇರಾವುದನ್ನೂ ಕಡೆಗಣಿಸುವದಿಲ್ಲ. ಕಣ್ಣು ಮಂಜಾದರೆ ಕನ್ನಡಕವನ್ನು ತರುವನು. ಹಲ್ಲು ನೊಂದರೆ ಅಂದೇ ವೈದ್ಯರಲ್ಲಿಗೆ ಹೋಗುವನು. ಪಾದವು ನೊಂದರೆ ಮಾತ್ರ “ನಡೆದಾಡಿದರೆ ತಾನೇ ಸರಿಹೋದೀತು” ಎಂದು ಸುಮ್ಮನಿರುವನು. ಸರಿಹೋಗದಿದ್ದಾಗ ನಡೆಯುವದನ್ನೇ ಬಿಟ್ಟುಬಿಡುವನು. ಇವೆರಡೂ ತಪ್ಪು ದಾರಿಗಳು. ಮೊದಲನೆಯದರಿಂದ ನೋವು ಬೇರೂರುವದು. ಎರಡನೆಯದರಿಂದ ಆರೋಗ್ಯವೇ ಕುಂದುವದು. ಇವೆರಡರ ನಡುವೆ ವಿವೇಕದ ದಾರಿಯೊಂದುಂಟು. ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಸುವದೇ ಈ ಲೇಖನದ ಉದ್ದೇಶ.

ಈ ವಿಷಯವು ನಮ್ಮ ಭಾಗಕ್ಕೆ ಹೊರಗಿನದಲ್ಲ. ಕೊಲ್ಲಾಪುರದ ರಂಕಾಳ ಕೆರೆಯ ದಂಡೆಯ ಮೇಲೆ ನಸುಕಿನಲ್ಲಿ ನಿಂತು ನೋಡಿರಿ. ನಡೆಯುವವರ ಸಾಲು ಮುಗಿಯುವದೇ ಇಲ್ಲ. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳ ಮುಂದೆ ಹಲವೆಡೆ ಹನ್ನೆರಡು ತಾಸಿನ ಪಾಳಿಯಲ್ಲಿ ದುಡಿಯುವವರು ಸಿಮೆಂಟು ನೆಲದ ಮೇಲೆ ನಿಂತೇ ದಿನ ಕಳೆಯುತ್ತಾರೆ. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿ ಕಾಲ್ಚೆಂಡಿನಾಟದ ಹುಚ್ಚು ಮನೆಮನೆಗೂ ಉಂಟು. ನಡೆಯುವವರು, ನಿಲ್ಲುವವರು, ಓಡುವವರು — ಈ ಮೂವರ ಭಾರವನ್ನೂ ಹೊರುವದು ಪಾದವೇ.

ಈ ಪಾಠವನ್ನು ಲೇಖಕನು ಕಲಿತದ್ದು ಕೇವಲ ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಹಿಮ್ಮಡಿಯ ನೋವಿನಿಂದ ಐದು ತಿಂಗಳು ಬೆಳಗಿನ ನಡಿಗೆಯನ್ನು ಬಿಡಬೇಕಾಯಿತು. ಆ ಅವಧಿಯಲ್ಲಿ ಶರೀರದ ತೂಕವೂ ರಕ್ತದೊಳಗಿನ ಸಕ್ಕರೆಯೂ ಏರಿದವು. ಬಳಿಕ ಅವಸರದಿಂದ ಬೆಲೆಬಾಳುವ ಬೂಟೊಂದನ್ನು ಕೊಂಡದ್ದಾಯಿತು. ಕೊಂಡದ್ದು ಮುಂಜಾನೆ, ಕೇಳಿದ ಅಳತೆ ಇಪ್ಪತ್ತು ವರ್ಷಗಳ ಹಿಂದಿನದು. ಹದಿನೈದು ದಿನಗಳಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಯಿತು, ಹಿಮ್ಮಡಿಯ ನೋವು ಇದ್ದಲ್ಲಿಯೇ ಇತ್ತು. ಅಂಗಡಿಯವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಪಾದವನ್ನು ಅಳೆಯದೆ ಹೆಮ್ಮೆಯನ್ನು ಅಳೆದುಕೊಂಡ ತಪ್ಪು ನನ್ನದೇ. ಇತರರು ಅದೇ ತಪ್ಪನ್ನು ಮಾಡದಿರಲೆಂದು ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಪಾದದ ರಚನೆ

ಒಂದೊಂದು ಪಾದದಲ್ಲಿ 26 ಎಲುಬುಗಳೂ 33 ಕೀಲುಗಳೂ ಇರುತ್ತವೆ. ಎರಡು ಪಾದಗಳ ಎಲುಬುಗಳನ್ನು ಕೂಡಿಸಿದರೆ 52. ಇಡೀ ಶರೀರದ 206 ಎಲುಬುಗಳಲ್ಲಿ ಇದು ಕಾಲುಪಾಲು. ಇಷ್ಟೊಂದು ಎಲುಬುಗಳು ಏಕೆ ಬೇಕು? ಪಾದವು ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕಾಗಿರುವದೇ ಅದಕ್ಕೆ ಕಾರಣ. ನೆಲವನ್ನು ಮುಟ್ಟುವಾಗ ಅದು ಮೆತ್ತಗಾಗಿ ಹೊಡೆತವನ್ನು ತಾಳಿಕೊಳ್ಳಬೇಕು. ನೆಲವನ್ನು ಬಿಡುವಾಗ ಸನ್ನೆಕೋಲಿನಂತೆ ಗಟ್ಟಿಯಾಗಿ ಶರೀರವನ್ನು ಮುಂದಕ್ಕೆ ನೂಕಬೇಕು. ನಡೆಯುವಾಗ ಪಾದದ ಮೇಲೆ ಶರೀರದ ತೂಕಕ್ಕಿಂತ ತುಸು ಹೆಚ್ಚಿನ ಭಾರವು ಬೀಳುವದು. ಓಡುವಾಗ ಅದು ಎರಡರಿಂದ ಮೂರು ಪಟ್ಟಾಗುವದು.

ಪಾದದ ಕೆಳಗೆ ಮೂರು ಕಮಾನುಗಳುಂಟು: ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು, ಅಡ್ಡಲಾಗಿ ಒಂದು. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ದಪ್ಪನೆಯ ನಾರಿನ ಪಟ್ಟಿಯೊಂದು ಹಬ್ಬಿದೆ. ಬಿಲ್ಲಿಗೆ ಹೆದೆಯು ಹೇಗೋ ಕಮಾನಿಗೆ ಈ ಪಟ್ಟಿಯು ಹಾಗೆ. ಇದರ ಕೆಲಸವನ್ನು ಮನೆಯಲ್ಲಿಯೇ ಕಾಣಬಹುದು. ಒಬ್ಬರನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಅವರ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿರಿ. ಕಮಾನು ತಾನಾಗಿ ಮೇಲೇಳುವದು. ರಾಟೆಗೆ ಹಗ್ಗವನ್ನು ಸುತ್ತಿದಂತೆ ಬೆರಳಿನ ಬುಡದ ಸುತ್ತ ಈ ಪಟ್ಟಿಯು ಬಿಗಿಯುವದೇ ಇದರ ಕಾರಣ. 1954ರಲ್ಲಿ ಹಿಕ್ಸ್ ಎಂಬ ವಿದ್ವಾಂಸರು ಈ ಕ್ರಮವನ್ನು ವಿವರಿಸಿದರು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಈ ಪಟ್ಟಿಯು ಹೀಗೆ ಬಿಗಿದು ಸಡಿಲಾಗುತ್ತಿರುವದು. ಅದಕ್ಕೆ ಅಳತೆ ಮೀರಿದ ದುಡಿತವಾದಾಗ ಹಿಮ್ಮಡಿಯ ಎಲುಬಿಗೆ ಅದು ಅಂಟಿಕೊಂಡಿರುವ ಸ್ಥಳವು ನೋಯತೊಡಗುವದು.

ನೋವು ಎಲ್ಲಿದೆ ಎಂಬುದನ್ನು ಮೊದಲು ಅರಿಯಬೇಕು

“ಕಾಲು ನೋಯುತ್ತದೆ, ಒಳ್ಳೆಯ ಬೂಟು ಕೊಡಿರಿ” ಎಂದು ಅಂಗಡಿಯಲ್ಲಿ ಕೇಳುವದು, “ಮೈಯಲ್ಲಿ ಹುಷಾರಿಲ್ಲ, ಒಳ್ಳೆಯ ಗುಳಿಗೆ ಕೊಡಿರಿ” ಎಂದು ಕೇಳಿದಂತೆ. ನೋವಿನ ಸ್ಥಳಕ್ಕೆ ತಕ್ಕಂತೆ ಬೂಟಿನ ಗುಣವೂ ಬೇರೆಯಾಗುವದು.

ಹಿಮ್ಮಡಿಯ ತಳದ ನೋವು ಎಲ್ಲಕ್ಕಿಂತ ಸಾಮಾನ್ಯವಾದುದು. ಮುಂಜಾನೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲಿ ಮೊಳೆಯನ್ನು ತುಳಿದಂತಾಗುವದೂ ಹತ್ತಿಪ್ಪತ್ತು ಹೆಜ್ಜೆಗಳ ಮೇಲೆ ಕಡಿಮೆಯಾಗುವದೂ ಇದರ ಗುರುತು. ರಾತ್ರಿಯೆಲ್ಲ ಪಾದವು ಕೆಳಮುಖವಾಗಿ ಚಾಚಿಕೊಂಡು ಪಟ್ಟಿಯು ಮುದುಡಿರುತ್ತದೆ; ಮೊದಲ ಹೆಜ್ಜೆಯು ಅದನ್ನು ಒಮ್ಮೆಲೆ ಎಳೆಯುತ್ತದೆ. ಇಂಥವರಿಗೆ ಹಿಮ್ಮಡಿಯ ಕೆಳಗೆ ಮೆತ್ತನೆಯ, ಆದರೆ ಕುಸಿದುಹೋಗದ ಪದರವೂ ಕಮಾನಿಗೆ ತುಸು ಆಧಾರವೂ ಇರುವ ಬೂಟು ಹಿತಕರ. ತೀರ ಚಪ್ಪಟೆಯಾದ ತೆಳುತಳದ ಪಾದರಕ್ಷೆ ಇವರಿಗೆ ಒಗ್ಗದು.

ಹಿಮ್ಮಡಿಯ ಹಿಂಬದಿಯ ನೋವು ಮೀನಖಂಡದಿಂದ ಇಳಿದು ಬರುವ ದಪ್ಪ ನರದಂಥ ಕಟ್ಟಿನದು. ಹಿಮ್ಮಡಿಯನ್ನು ಒಂದಿಷ್ಟು ಎತ್ತರಿಸಿದ ಬೂಟಿನಿಂದ ಆ ಕಟ್ಟಿನ ಎಳೆತವು ಕಡಿಮೆಯಾಗುವದು. ಬೂಟಿನ ಹಿಂದಿನ ಅಂಚು ನೋಯುವ ಜಾಗವನ್ನು ಉಜ್ಜದಂತೆಯೂ ನೋಡಿಕೊಳ್ಳಬೇಕು.

ಪಾದದ ಮುಂಭಾಗದಲ್ಲಿ, ಬೆರಳುಗಳ ಬುಡದಲ್ಲಿ ಉರಿಯಂಥ ನೋವಿದ್ದರೆ ಮೊದಲ ಅಪರಾಧಿ ಇಕ್ಕಟ್ಟಾದ ಬೂಟೇ ಇರಬಹುದು. ಬೆರಳುಗಳು ಹರಡಿಕೊಳ್ಳಲು ಅಗಲವಾದ ಮೂತಿಯೂ ಮುಂಭಾಗದಲ್ಲಿ ದಪ್ಪ ಪದರವೂ ಬೇಕು. ಹೆಬ್ಬೆರಳಿನ ಕೀಲು ಹೊರಚಾಚಿದವರಿಗೆ ಆ ಸ್ಥಳದಲ್ಲಿ ಹೊಲಿಗೆ ಇಲ್ಲದ ಮೆತ್ತನೆಯ ಮೇಲ್ಹೊದಿಕೆ ಬೇಕು. ಆ ಕೀಲು ಬಿಗಿದು ಮೇಲಕ್ಕೆ ಬಾಗದವರಿಗೆ ಗಟ್ಟಿಯಾದ, ಮುಂದೆ ತೊಟ್ಟಿಲಿನಂತೆ ಮೇಲೆ ಬಾಗಿದ ತಳವು ಅನುಕೂಲ. ಆಗ ಬೆರಳಿನ ಬದಲು ಬೂಟೇ ಉರುಳಿ ಹೆಜ್ಜೆಯನ್ನು ಮುಗಿಸುವದು.

ಚಪ್ಪಟೆ ಪಾದವೆಂಬುದು ತಾನಾಗಿ ರೋಗವಲ್ಲ. ನೋವಿಲ್ಲದ ಚಪ್ಪಟೆ ಪಾದದವರು ಸುಖವಾಗಿ ಓಡಾಡಿಕೊಂಡಿರುತ್ತಾರೆ. ಅವರನ್ನು ಹೆದರಿಸಿ ದುಬಾರಿಯ ಬೂಟನ್ನು ಕೊಳ್ಳಿಸುವದು ಸರಿಯಲ್ಲ.

ನೆಲಕ್ಕೆ ತಕ್ಕ ಪಾದರಕ್ಷೆ

ಕೊಲ್ಲಾಪುರದ ತಾಲೀಮುಗಳಲ್ಲಿ ಮಲ್ಲರು ಬರಿಗಾಲಿನಲ್ಲಿಯೇ ಕಾದುವರು. ಹದ ಮಾಡಿದ ಕೆಂಪು ಮಣ್ಣೇ ಅಲ್ಲಿ ಮೆತ್ತನೆಯ ಪದರ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಕಣದಲ್ಲಿಯೂ ಅದೇ ಪದ್ಧತಿ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಹೋದಾಗ, ರೂಢಿಯಿಲ್ಲದ ಚಾಪೆಯ ಮೇಲೆ ಕಾದಬೇಕಾಯಿತು. ಅವರು ಆರನೆಯ ಸ್ಥಾನವನ್ನು ಪಡೆದರು. ನೆಲದ ಭೇದವನ್ನು ಅರಿತು ಅಭ್ಯಾಸ ಮಾಡಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದರು. ನೆಲವು ಬದಲಾದಾಗ ಕಾಲಿನ ಕೆಲಸವೂ ಬದಲಾಗುವದೆಂಬುದಕ್ಕೆ ಇದು ನಮ್ಮ ಊರಿನದೇ ಉದಾಹರಣೆ.

ಇಥಿಯೋಪಿಯದ ಅಬೇಬೆ ಬಿಕಿಲಾ 1960ರಲ್ಲಿ ರೋಮಿನ ಮ್ಯಾರಥಾನ್ ಓಟವನ್ನು ಬರಿಗಾಲಿನಲ್ಲಿ ಓಡಿ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು ಮತ್ತೆ ಗೆದ್ದನು. ಗೆದ್ದದ್ದು ಬೂಟೂ ಅಲ್ಲ, ಬರಿಗಾಲೂ ಅಲ್ಲ. ಬಾಲ್ಯದಿಂದ ಪಳಗಿದ ಕಾಲು. ಈ ಕಥೆಯನ್ನು ಕೇಳಿ, ನೋಯುವ ಹಿಮ್ಮಡಿಯವರು ಡಾಂಬರು ರಸ್ತೆಯಲ್ಲಿ ಬರಿಗಾಲಿನಿಂದ ಓಡಲು ಹೊರಡಬಾರದು.

ನಮ್ಮ ನಾಡಿನ ಹೆಮ್ಮೆಯಾದ ಕೊಲ್ಲಾಪುರಿ ಚಪ್ಪಲಿಯ ಮಾತನ್ನೂ ಇಲ್ಲಿ ಹೇಳತಕ್ಕದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆತಾಗ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಅದು ಕೂಡಿಯೇ ಸಂದಿತು: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೆಸರು ಕೊಲ್ಲಾಪುರದ್ದಾದರೂ ಅಥಣಿ, ನಿಪ್ಪಾಣಿ, ಮದಭಾವಿಗಳ ಕುಶಲ ಕೈಗಳ ದುಡಿತವೂ ಅದರಲ್ಲಿದೆ. ಗಡಿಯ ಎರಡೂ ಬದಿಗಳನ್ನು ಒಂದೇ ಹೊಲಿಗೆಯಲ್ಲಿ ಕೂಡಿಸಿದ ವಸ್ತು ಅದು. ಬಿಸಿಲ ನಾಡಿಗೆ ಅದು ತಕ್ಕುದು; ಗಾಳಿಯಾಡುವದು, ಬಳಸಿದಷ್ಟೂ ಕಾಲಿನ ಆಕಾರಕ್ಕೆ ಒಗ್ಗುವದು. ಆದರೆ ಅದರ ತಳವು ಚಪ್ಪಟೆ, ಹಿಮ್ಮಡಿಗೆ ಹಿಡಿತವಿಲ್ಲ, ಹೊಡೆತವನ್ನು ತಾಳುವ ಪದರವಿಲ್ಲ. ಪೇಟೆಗೆ, ಮದುವೆಗೆ, ಸಭೆಗೆ ಅದು ಭೂಷಣ. ಹಿಮ್ಮಡಿಯ ನೋವುಳ್ಳವರ ವೇಗದ ನಡಿಗೆಗೂ ಓಟಕ್ಕೂ ಅದನ್ನು ಹಚ್ಚುವದು ಅದಕ್ಕೂ ನ್ಯಾಯವಲ್ಲ, ಕಾಲಿಗೂ ನ್ಯಾಯವಲ್ಲ.

ಅಳತೆಯ ಲೆಕ್ಕ

ನಮ್ಮಲ್ಲಿ ರೂಢಿಯಾಗಿರುವ ಇಂಗ್ಲಿಷ್ ಅಳತೆಯಲ್ಲಿ ಒಂದು ಅಂಕಿಗೂ ಮುಂದಿನ ಅಂಕಿಗೂ ಇರುವ ಅಂತರವು ಅಂಗುಲದ ಮೂರನೆಯ ಒಂದು ಪಾಲು, ಅಂದರೆ ಸುಮಾರು 8.5 ಮಿಲಿಮೀಟರು. ಹಳೆಯ ಕಾಲದಲ್ಲಿ ಒಂದು ಜವೆಗೋದಿಯ ಕಾಳಿನ ಉದ್ದವನ್ನು ಮಾನವನ್ನಾಗಿ ಹಿಡಿದದ್ದರಿಂದ ಇದು ಬಂದಿದೆ. ಯುರೋಪಿನ ಅಳತೆಯಲ್ಲಿ ಈ ಅಂತರವು ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು, ಸುಮಾರು 6.7 ಮಿಲಿಮೀಟರು. ಅಮೇರಿಕದ ಅಂಕಿಗಳು ಇನ್ನೂ ಬೇರೆ. ಆದುದರಿಂದ ಅಂಕಿಯನ್ನು ಕೇಳುವಾಗ ಅದು ಯಾವ ದೇಶದ್ದೆಂದು ನೋಡಬೇಕು. ಒಂದೇ ಅಂಕಿಯ ಎರಡು ಕಂಪನಿಗಳ ಬೂಟುಗಳು ಕೂಡ ಒಂದೇ ಸಮನಾಗಿರುವದಿಲ್ಲ. ಅಂಕಿಯು ಆರಂಭಕ್ಕೆ ಗುರುತು ಮಾತ್ರ. ಕೊನೆಯ ತೀರ್ಪು ಕಾಲಿನದು.

ಈ ಅಳತೆಗಳೆಲ್ಲ ಪರದೇಶದ ಪಾದಗಳಿಂದ ಹುಟ್ಟಿದವು. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚದ ವರೆಗೆ ದೇಶದ ಹಲವು ಕಡೆಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದವು ಸಾಮಾನ್ಯವಾಗಿ ಯುರೋಪು, ಅಮೇರಿಕದವರ ಪಾದಕ್ಕಿಂತ ಅಗಲವಾದುದೆಂದು ಅದರಿಂದ ತಿಳಿದುಬಂದಿತು. ಉದ್ದವು ಸರಿಯಿದ್ದರೂ ಬೂಟು ಇಕ್ಕಟ್ಟೆನಿಸುವದೇಕೆಂಬುದಕ್ಕೆ ಇದರಿಂದ ಉತ್ತರವು ದೊರೆಯುವದು. ಅಗಲಕ್ಕಾಗಿ ಉದ್ದವಾದ ಬೂಟನ್ನು ಕೊಂಡರೆ ಹಿಮ್ಮಡಿಯು ಒಳಗೆ ಜಾರಾಡುವದು. ಆದಷ್ಟು ಅಗಲವಾದ ಮಾದರಿಯನ್ನೇ ಕೇಳಬೇಕು.

ಮನೆಯಲ್ಲಿ ಪಾದವನ್ನು ಅಳೆಯುವ ರೀತಿ ಹೀಗೆ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದವನ್ನು ಹಾಸಿರಿ. ಹಿಮ್ಮಡಿಯನ್ನು ಗೋಡೆಗೆ ಆನಿಸಿ, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರವನ್ನು ಹಾಕಿ ನಿಲ್ಲಿರಿ. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆಯನ್ನೆಳೆಯಲಿ. ಗೋಡೆಯಿಂದ ಎಲ್ಲಕ್ಕಿಂತ ಉದ್ದವಾದ ಬೆರಳಿನ ತುದಿಯವರೆಗೆ ಉದ್ದವನ್ನೂ, ಅತ್ಯಂತ ಅಗಲವಾದಲ್ಲಿ ಅಗಲವನ್ನೂ ಅಳೆಯಿರಿ. ಅತ್ಯಂತ ಉದ್ದವಾದ ಬೆರಳು ಹೆಬ್ಬೆರಳೇ ಆಗಬೇಕೆಂದಿಲ್ಲ, ಕೆಲವರಿಗೆ ಎರಡನೆಯದು. ಎರಡೂ ಪಾದಗಳು ಸಮವಾಗಿರುವದೂ ವಿರಳ. ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳತಕ್ಕದ್ದು. ದಿನವೆಲ್ಲ ನಡೆದು ನಿಂತ ಮೇಲೆ ಪಾದವು ತುಸು ಊದಿಕೊಳ್ಳುವದರಿಂದ ಸಂಜೆಯ ಅಳತೆಯೇ ನಂಬತಕ್ಕ ಅಳತೆ.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು

ಮೊದಲನೆಯದಾಗಿ, ವ್ಯಾಯಾಮಕ್ಕೆ ಹಾಕಿಕೊಳ್ಳುವ ಕಾಲುಚೀಲವನ್ನೇ ಧರಿಸಿ ಹೋಗಬೇಕು.

ಎರಡನೆಯದಾಗಿ, ಬೂಟಿನ ಒಳಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಬೇಕು. ಪಾದದ ಅಂಚು ಹೊರಚಾಚಿದರೆ ಆ ಬೂಟು ಇಕ್ಕಟ್ಟು. ಮುಂದೆ ಪರೀಕ್ಷಿಸುವ ಕಾರಣವೇ ಇಲ್ಲ.

ಮೂರನೆಯದಾಗಿ, ಬೂಟನ್ನು ಹಾಕಿಕೊಂಡು ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರು, ಅಂದರೆ ಕೈಯ ಹೆಬ್ಬೆರಳಿನ ಅರ್ಧದಷ್ಟು ಅಗಲಕ್ಕಿಂತ ಹೆಚ್ಚು ಜಾಗವಿರಬೇಕು. ಇಳಿಜಾರಿನಲ್ಲಿ ಪಾದವು ಮುಂದೆ ಸರಿಯುವದು; ಜೋತಿಬಾ ಗುಡ್ಡವನ್ನು ಇಳಿದವರಿಗೆ ಇದು ಗೊತ್ತು.

ನಾಲ್ಕನೆಯದಾಗಿ, ಬೂಟಿನ ಹಿಂಗೋಡೆಯನ್ನು ಬೆರಳುಗಳಿಂದ ಒತ್ತಿ ನೋಡಬೇಕು. ಅದು ಒಮ್ಮೆಲೆ ಕುಸಿಯಬಾರದು. ಬೂಟಿನ ಎರಡು ತುದಿಗಳನ್ನು ಹಿಡಿದು ಬಾಗಿಸಿದಾಗ ಅದು ಬೆರಳುಗಳು ಬಾಗುವ ಸ್ಥಳದಲ್ಲಿ ಬಾಗಬೇಕು, ನಟ್ಟನಡುವೆ ಮಡಿಸಿಕೊಳ್ಳಬಾರದು. ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿದಾಗ ಸುಲಭವಾಗಿ ಸುತ್ತಿಕೊಳ್ಳುವ ಬೂಟು ನೋಯುವ ಕಾಲಿಗೆ ಆಧಾರವನ್ನು ಕೊಡಲಾರದು.

ಐದನೆಯದಾಗಿ, ಅಂಗಡಿಯಲ್ಲಿ ಐದಾರು ನಿಮಿಷ ನಡೆಯಬೇಕು. “ಬಳಸಿದ ಮೇಲೆ ಸಡಿಲಾದೀತು” ಎಂಬ ಮಾತನ್ನು ನಂಬಬಾರದು. ಚರ್ಮದ ಚಪ್ಪಲಿಗೆ ಆ ಮಾತು ಒಪ್ಪಿದರೂ ಇಂದಿನ ವ್ಯಾಯಾಮದ ಬೂಟಿಗೆ ಒಪ್ಪದು. ಅದು ಮೊದಲ ದಿನವೇ ಹಿತವಾಗಿರಬೇಕು.

ಹಿತವೆಂಬ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ. ಪಾದದ ಕಮಾನಿನ ಎತ್ತರವನ್ನು ನೋಡಿ ಇಂಥವರಿಗೆ ಇಂಥ ಬೂಟೆಂದು ಹಂಚುವ ಪದ್ಧತಿಯು ಬಹುಕಾಲ ನಡೆದಿತ್ತು. ಅಮೇರಿಕದ ಭೂಸೈನ್ಯ, ನೌಕಾಯೋಧರ ದಳ ಹಾಗೂ ವಾಯುದಳಗಳ ಶಿಕ್ಷಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶಗಳು 2009 ಮತ್ತು 2010ರಲ್ಲಿ ಪ್ರಕಟವಾದವು. ಕಮಾನನ್ನು ನೋಡಿ ಬೂಟು ಕೊಟ್ಟವರಿಗೂ, ಎಲ್ಲರಿಗೂ ಒಂದೇ ಬಗೆಯ ಬೂಟು ಕೊಟ್ಟವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಯಂತ್ರವು ಪಾದದ ಚಿತ್ರವನ್ನು ತೆಗೆದು ಹೇಳುವ ಮಾತಿಗಿಂತ, ನಡೆದು ನೋಡಿದಾಗ ನಿಮ್ಮ ಕಾಲು ಹೇಳುವ ಮಾತಿಗೆ ಹೆಚ್ಚು ಬೆಲೆ ಕೊಡಬಹುದು.

ಬೆಲೆಯ ವಿಷಯವೂ ಹಾಗೆಯೇ. ಬೆಲೆ ಹೆಚ್ಚಾದಷ್ಟು ನೋವು ಕಡಿಮೆಯಾಗುವದೆಂಬ ನಿಯಮವಿಲ್ಲ. ಕಾಲಿಗೆಂದೇ ಅಳತೆ ಕೊಟ್ಟು ಮಾಡಿಸುವ ಒಳಹಾಸುಗಳ ಬೆಲೆ ಹೆಚ್ಚು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಹಿಮ್ಮಡಿಯ ನೋವುಳ್ಳ 135 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಒಳಹಾಸೂ ಅಳತೆ ಕೊಟ್ಟು ಮಾಡಿಸಿದ್ದೂ ಹೆಚ್ಚು ಕಡಿಮೆ ಒಂದೇ ಫಲವನ್ನು ಕೊಟ್ಟವು. ಎರಡರಿಂದಲೂ ಮೊದಲ ಕೆಲವು ತಿಂಗಳು ಅಲ್ಪ ಸಹಾಯವಾಯಿತು; ವರ್ಷದ ಕೊನೆಗೆ ವಿಶೇಷ ಭೇದವು ಉಳಿಯಲಿಲ್ಲ. ಕೈಯಲ್ಲಿ ಹಣವು ಕಡಿಮೆಯಿದ್ದವರು ಮೊದಲು ಸರಿಯಾದ ಅಳತೆಯ ಸಾಧಾರಣ ಬೂಟನ್ನೂ ಅಗ್ಗದ ಒಳಹಾಸನ್ನೂ ಕೊಂಡು ನೋಡುವದೇ ಜಾಣತನ.

ಬೂಟು ಅರ್ಧ, ಅಭ್ಯಾಸ ಅರ್ಧ

ಬೂಟು ನೋವನ್ನು ತಗ್ಗಿಸುವದು. ಕಾಲಿಗೆ ಬಲವನ್ನು ತಂದುಕೊಡಲಾರದು. ಅದಕ್ಕೆ ಅಭ್ಯಾಸವೇ ಬೇಕು. ಹಿಮ್ಮಡಿಯ ತಳದ ನೋವಿಗೆ ಎರಡು ಅಭ್ಯಾಸಗಳನ್ನು ಹೇಳುವೆನು.

ಮೊದಲನೆಯದನ್ನು ಮುಂಜಾನೆ ನೆಲಕ್ಕೆ ಕಾಲಿಡುವ ಮೊದಲೇ ಮಾಡತಕ್ಕದ್ದು. ಕುಳಿತುಕೊಂಡು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಇಟ್ಟು, ಬೆರಳುಗಳನ್ನು ಕೈಯಿಂದ ಮೊಳಕಾಲಿನ ಕಡೆಗೆ ಎಳೆದು ಹಿಡಿಯಬೇಕು. ಅಂಗಾಲಿನ ಪಟ್ಟಿಯು ಬಿಗಿದದ್ದು ಇನ್ನೊಂದು ಕೈಗೆ ತಿಳಿಯಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. 2003ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕೇವಲ ಮೀನಖಂಡದ ಕಟ್ಟನ್ನು ಎಳೆಯುವದಕ್ಕಿಂತ ಈ ರೀತಿಯು ಹೆಚ್ಚು ಹಿತವನ್ನು ಕೊಟ್ಟಿತು.

ಎರಡನೆಯದು ಬಲವನ್ನು ಕೊಡುವ ಅಭ್ಯಾಸ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನು ಊರಿ, ಬೆರಳುಗಳ ಕೆಳಗೆ ಸುತ್ತಿದ ಪಂಜೆಯನ್ನು ಇಟ್ಟು, ಗೋಡೆಯನ್ನು ಹಿಡಿದು ನಿಲ್ಲಬೇಕು. ಮೂರು ಎಣಿಸುತ್ತ ಹಿಮ್ಮಡಿಯನ್ನು ಎತ್ತಿ, ಎರಡು ಎಣಿಸುವವರೆಗೆ ನಿಂತು, ಮೂರು ಎಣಿಸುತ್ತ ಇಳಿಸಬೇಕು. ಹನ್ನೆರಡು ಸಲದ ಮೂರು ಸರದಿ, ದಿನ ಬಿಟ್ಟು ದಿನ. ಮೊದಮೊದಲು ಎರಡೂ ಕಾಲುಗಳಿಂದ ಮಾಡಿ, ಬಲ ಬಂದಂತೆ ಒಂದೇ ಕಾಲಿಗೆ ಬರಬಹುದು. 2014ರಲ್ಲಿ ಡೆನ್ಮಾರ್ಕಿನಲ್ಲಿ 48 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ವರದಿಯು ಹೊರಬಿತ್ತು. ಮೂರು ತಿಂಗಳಿಗೆ ಈ ಅಭ್ಯಾಸದವರೇ ಮುಂದಿದ್ದರು. ವರ್ಷ ತುಂಬಿದಾಗ ಎಳೆತದ ಅಭ್ಯಾಸದವರೂ ಅವರ ಸಮಕ್ಕೆ ಬಂದಿದ್ದರು. ಅಂದರೆ ತಾಳ್ಮೆಯುಳ್ಳವರಿಗೆ ಎರಡು ದಾರಿಗಳೂ ಊರನ್ನು ಮುಟ್ಟಿಸುತ್ತವೆ.

ನೋವಿದ್ದಾಗ ವ್ಯಾಯಾಮವನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಓಟದ ಬದಲು ಸೈಕಲ್ಲು, ಈಜು, ಕುಳಿತು ಮಾಡುವ ಅಭ್ಯಾಸಗಳು ಉಂಟು. ನಡಿಗೆಯನ್ನು ಅರ್ಧಕ್ಕಿಳಿಸಿ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಬಹುದು. ಒಮ್ಮೆಲೆ ಏರಿಸುವದೇ ನೋವಿನ ತವರುಮನೆ. ಮನೆಯ ಫರಸಿಯ ಮೇಲೆ ಬರಿಗಾಲಿನಲ್ಲಿ ಓಡಾಡುವದು ನಮ್ಮ ಪದ್ಧತಿ. ನೋವು ತಗ್ಗುವವರೆಗೆ ಮನೆಯೊಳಗಷ್ಟೇ ಬಳಸುವ ಶುದ್ಧವಾದ ಮೆತ್ತನೆಯ ಚಪ್ಪಲಿಯೊಂದನ್ನು ಇಟ್ಟುಕೊಂಡರೆ ಆಚಾರಕ್ಕೆ ಭಂಗವಿಲ್ಲ, ಹಿಮ್ಮಡಿಗೆ ಉಪಕಾರವುಂಟು. ಮಗ್ಗದ ಮುಂದೆ ನಿಲ್ಲುವವರಿಗೂ ಇದೇ ಮಾತು: ತೆಳುವಾದ ರಬ್ಬರಿನ ಚಪ್ಪಲಿಯನ್ನು ಬಿಟ್ಟು ದಪ್ಪ ತಳದ್ದನ್ನು ಧರಿಸಬೇಕು; ಸಾಧ್ಯವಾದರೆ ನಿಲ್ಲುವಲ್ಲಿ ರಬ್ಬರಿನ ಹಾಸನ್ನು ಹಾಕಿಕೊಳ್ಳಬೇಕು; ಸಿಕ್ಕ ವಿರಾಮದಲ್ಲಿ ಕುಳಿತು ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು.

ಎಚ್ಚರದ ಮಾತುಗಳು

ಸಕ್ಕರೆ ಕಾಯಿಲೆಯುಳ್ಳವರು ಈ ಭಾಗವನ್ನು ಎರಡು ಸಲ ಓದಬೇಕು. ಅವರಲ್ಲಿ ಕೆಲವರ ಪಾದಗಳಿಗೆ ಸ್ಪರ್ಶದ ಅರಿವು ಕುಗ್ಗಿರುತ್ತದೆ. ಬೂಟಿನೊಳಗೆ ಹರಳು ಹೊಕ್ಕರೂ, ಹೊಲಿಗೆಯು ಒತ್ತಿ ಗುಳ್ಳೆಯೆದ್ದರೂ ತಿಳಿಯುವದಿಲ್ಲ. ಇಂಥ ಗಾಯವೇ ಕೊಳೆತು ಕಾಲನ್ನು ಕತ್ತರಿಸುವ ಪ್ರಸಂಗವನ್ನು ತಂದೀತು. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜನ್ನು ಸೇರಿದ ಡಾಕ್ಟರ್ ಪಾಲ್ ಬ್ರ್ಯಾಂಡರು ಕುಷ್ಠರೋಗಿಗಳ ಪಾದಗಳಲ್ಲಿ ಇದೇ ಸತ್ಯವನ್ನು ಕಂಡರು. ಪಾದಗಳು ಹಾಳಾಗುವದು ಬಹುಮಟ್ಟಿಗೆ ನೋವಿನ ಅರಿವಿಲ್ಲದೆ ಮೇಲಿಂದ ಮೇಲೆ ಆಗುವ ಗಾಯಗಳಿಂದ ಎಂದು ಅವರು ತೋರಿಸಿಕೊಟ್ಟರು. ಅಂಥ ಪಾದಗಳ ಸಲುವಾಗಿ ಸೂಕ್ಷ್ಮ ರಂಧ್ರಗಳ ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ರೂಢಿಗೆ ತರುವದರಲ್ಲಿ ಅವರ ಪಾಲು ದೊಡ್ಡದು. ನೋವು ಶತ್ರುವಲ್ಲ, ಕಾವಲುಗಾರನೆಂಬುದು ಅವರ ಜೀವನದ ಪಾಠ.

ಆದುದರಿಂದ ಸಕ್ಕರೆ ಕಾಯಿಲೆಯವರು ನಿತ್ಯವೂ ಮಲಗುವ ಮೊದಲು ಅಂಗಾಲನ್ನೂ ಬೆರಳ ಸಂದುಗಳನ್ನೂ ಕಣ್ಣಿನಿಂದ ಪರೀಕ್ಷಿಸಬೇಕು. ಬಾಗಲಾಗದವರು ಕನ್ನಡಿಯನ್ನು ಹಿಡಿಯಲಿ, ಇಲ್ಲವೆ ಮಕ್ಕಳಿಗೆ ಹೇಳಲಿ. ಬೂಟನ್ನು ಹಾಕಿಕೊಳ್ಳುವ ಮೊದಲು ಕೊಡವಿ, ಒಳಗೆ ಕೈಯಾಡಿಸಬೇಕು. ಹೊಸ ಬೂಟನ್ನು ಮೊದಲ ದಿನ ಅರ್ಧ ತಾಸು ಧರಿಸಿ, ಕಳಚಿ, ಕೆಂಪಾಗಿದೆಯೇ ಎಂದು ನೋಡಬೇಕು. ಅವರ ವಿಷಯದಲ್ಲಿ “ಹಿತವೆನಿಸಿದರೆ ಸಾಕು” ಎಂಬ ಮಾತು ಸಾಲದು. ಅರಿವೇ ಕುಗ್ಗಿದ ಕಾಲು ಸುಳ್ಳು ಹೇಳಬಲ್ಲದು. ಅಳತೆಯನ್ನೂ ವೈದ್ಯರ ಮಾತನ್ನೂ ನಂಬತಕ್ಕದ್ದು.

ಎಂಟರಿಂದ ಹದಿನಾಲ್ಕು ವರ್ಷಗಳೊಳಗಿನ ಮಕ್ಕಳು ಆಟದ ಮೇಲೆ ಹಿಮ್ಮಡಿಯ ಹಿಂಬದಿ ನೋಯುತ್ತದೆಂದರೆ, ಅದು ಮೈಗಳ್ಳತನವಲ್ಲ. ಆ ವಯಸ್ಸಿನಲ್ಲಿ ಹಿಮ್ಮಡಿಯ ಎಲುಬಿನ ಬೆಳೆಯುವ ಭಾಗವು ಇನ್ನೂ ಎಳಸಾಗಿರುತ್ತದೆ. ಓಟ ಜಿಗಿತಗಳ ಎಳೆತದಿಂದ ಅದು ಕೆರಳುವದು. ಗಟ್ಟಿ ನೆಲದ ಮೇಲೆ ಮೊಳೆಯಂಥ ಗುಬಟುಗಳುಳ್ಳ ಕಾಲ್ಚೆಂಡಿನ ಬೂಟಿನಿಂದ ಇದು ಹೆಚ್ಚುವದು. ಕೆಲದಿನ ಆಟವನ್ನು ತಗ್ಗಿಸಿ, ಅಭ್ಯಾಸಕ್ಕೆ ಮೆತ್ತನೆಯ ತಳದ ಬೂಟನ್ನು ಕೊಟ್ಟು, ಹಿಮ್ಮಡಿಗೆ ಪದರವನ್ನು ಹಾಕಿದರೆ ಶಮನವಾಗುವದು. ಎಲುಬು ಬಲಿತ ಮೇಲೆ ತಾನೇ ಮಾಯವಾಗುವದು. ಬೆಳೆಯುವ ಮಕ್ಕಳ ಬೂಟಿನ ಅಳತೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಪೆಟ್ಟು ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಬಾವು ಬಂದು ಕೆಂಪೇರಿದರೆ, ಜ್ವರವಿದ್ದರೆ, ಜೋಮು ಹಿಡಿದರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಎರಡು ವಾರಗಳ ಉಪಚಾರದಿಂದಲೂ ತಗ್ಗದಿದ್ದರೆ ಬೂಟಿನಂಗಡಿಗಲ್ಲ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಬೂಟಿನ ಆಯುಷ್ಯ

ಬೂಟಿನ ಮೇಲ್ಹೊದಿಕೆಯು ಹೊಸದಾಗಿ ಕಂಡರೂ ನಡುಪದರದ ಮೆತ್ತನೆಯ ಗುಣವು ಮುಗಿದಿರಬಹುದು. ಸಾಮಾನ್ಯ ಅಂದಾಜಿನಂತೆ 500ರಿಂದ 800 ಕಿಲೋಮೀಟರುಗಳ ಮೇಲೆ ಬೂಟನ್ನು ಬದಲಿಸುವದು ಒಳ್ಳೆಯದು. ದಿನಕ್ಕೆ 4 ಕಿಲೋಮೀಟರು ನಡೆಯುವವರಿಗೆ 800 ಕಿಲೋಮೀಟರು ತುಂಬಲು 200 ದಿನಗಳು ಸಾಕು. ತಳವು ಒಂದೇ ಮಗ್ಗುಲಿಗೆ ಸವೆದಿದ್ದರೆ, ಅಥವಾ ನಡುಪದರದಲ್ಲಿ ಅಡ್ಡ ಗೆರೆಗಳು ಮೂಡಿದ್ದರೆ ಅಷ್ಟು ದಿನವೂ ಕಾಯಬಾರದು. ಮಳೆಗಾಲದಲ್ಲಿ ನೆನೆದ ಬೂಟನ್ನು ಬೆಂಕಿಯ ಬಳಿಯಲ್ಲಾಗಲಿ ಕಡು ಬಿಸಿಲಿನಲ್ಲಾಗಲಿ ಒಣಗಿಸಕೂಡದು. ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಒಳಹಾಸನ್ನು ತೆಗೆದು, ನೆರಳಿನ ಗಾಳಿಯಲ್ಲಿ ಇಡತಕ್ಕದ್ದು. ಒದ್ದೆಯ ಬೂಟು ಬೆರಳ ಸಂದುಗಳಲ್ಲಿ ಹುಣ್ಣನ್ನು ತರುವದು.

ವಿದ್ಯಾರ್ಥಿಗಳಿಗೆ ಒಂದು ಮನೆಪಾಠ

ಪ್ರಿಯ ವಿದ್ಯಾರ್ಥಿಗಳೇ, ಈ ಪಾಠವನ್ನು ಓದಿ ಮುಚ್ಚಿಡಬೇಡಿರಿ. ಇಂದು ಸಂಜೆ ಕಾಗದ, ಪೆನ್ಸಿಲು, ಅಳತೆಪಟ್ಟಿಗಳನ್ನು ತೆಗೆದುಕೊಂಡು ಮನೆಯವರೆಲ್ಲರ ಪಾದಗಳನ್ನು ಅಳೆಯಿರಿ. ಆರಂಭವನ್ನು ತಾಯಿಯವರಿಂದ ಮಾಡಿರಿ. ಅನೇಕ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವರು ಅವರು; ಎಲ್ಲರಿಗಿಂತ ಹಳೆಯ, ತೆಳುವಾದ ಚಪ್ಪಲಿಯೂ ಅವರದೇ. “ಮುಂಜಾನೆ ಎದ್ದಾಗ ಹಿಮ್ಮಡಿ ನೋಯುವದೇ?” ಎಂದು ಕೇಳಿರಿ. ಅಜ್ಜ ಅಜ್ಜಿಯರ ಅಂಗಾಲುಗಳನ್ನು ನೋಡಿರಿ. ಅವರಿಗೆ ತಿಳಿಯದ ಗಾಯವು ನಿಮ್ಮ ಕಣ್ಣಿಗೆ ಬಿದ್ದೀತು. ಅಳತೆಯ ಕಾಗದದ ಮೇಲೆ ಹೆಸರು, ದಿನಾಂಕ, ಉದ್ದ, ಅಗಲಗಳನ್ನು ಬರೆದಿಡಿರಿ. ಮುಂದಿನ ಸಲ ಪೇಟೆಗೆ ಹೋಗುವಾಗ ಅದನ್ನು ಜೊತೆಗೊಯ್ಯಿರಿ.

ಹಿರಿಯರ ಪಾದವನ್ನು ಮುಟ್ಟಿ ನಮಸ್ಕರಿಸುವದು ನಮ್ಮ ಸಂಪ್ರದಾಯ. ಮುಟ್ಟಿದ ಪಾದವನ್ನು ಒಮ್ಮೆ ಕಣ್ಣು ತೆರೆದು ನೋಡಿದರೆ ಆ ನಮಸ್ಕಾರವು ಪೂರ್ಣವಾದೀತು.